ಒಂದು ಆಲ್ಬಂ, ಎರಡು ಭಾಷೆ: ಮಲೆನಾಡಿನ ಗಾಯಕರಿಗೆ ಯಾವ ದಾರಿ ಹೊಂದುತ್ತದೆ?

ಆರು ಹಾಡಿನ ಆಲ್ಬಂ ಮಾಡಬೇಕು, ಕನ್ನಡದ ಜೊತೆಗೆ ಇನ್ನೊಂದು ಭಾಷೆಯಲ್ಲೂ ಬರಬೇಕು ಎಂದು ಹೊರಟವರ ಮುಂದೆ ಮೂರು ದಾರಿಗಳಿವೆ. ಒಂದೇ ಟ್ಯೂನಿಗೆ ಎರಡು ಸಾಹಿತ್ಯ ಬರೆಸಿ ಎರಡು ಸಲ ಹಾಡುವುದು ಮೊದಲನೆಯದು. ಕೆಲವು ಹಾಡು ಕನ್ನಡದಲ್ಲೇ ಹುಟ್ಟಿ, ಕೆಲವು ಇನ್ನೊಂದು ಭಾಷೆಯಲ್ಲೇ ಹುಟ್ಟಿ, ಒಂದೇ ಆಲ್ಬಮಿನಲ್ಲಿ ಅಕ್ಕಪಕ್ಕ ಕೂರುವುದು ಎರಡನೆಯದು. ಪಲ್ಲವಿ ಒಂದು ಭಾಷೆ, ಚರಣ ಇನ್ನೊಂದು ಭಾಷೆ ಎಂದು ಹಾಡಿನೊಳಗೇ ಬೆರೆಸುವುದು ಮೂರನೆಯದು. ಯಾವುದನ್ನು ಹಿಡಿದರೂ ಸರಿ, ಟ್ಯೂನ್ ಗಟ್ಟಿಯಾಗುವ ಮುಂಚೆಯೇ ತೀರ್ಮಾನ ಆಗಿರಬೇಕು. ಟ್ರ್ಯಾಕ್ ಮುಗಿದ ಮೇಲೆ ‘ಇದನ್ನೇ ಹಿಂದಿಯಲ್ಲೂ ಹಾಡಿಬಿಡೋಣ’ ಎಂದು ಹೊರಟಲ್ಲೇ ಹೆಚ್ಚಿನ ಹಾಡುಗಳು ಕೆಡುತ್ತವೆ.

ನಮ್ಮ ಸಲಹೆಯನ್ನು ಮೊದಲೇ ಹೇಳುತ್ತೇವೆ. ಇದು ಮೊದಲ ಆಲ್ಬಂ, ಕೈಯಲ್ಲಿರುವ ಹಣಕ್ಕೆ ಮಿತಿ ಇದೆ, ಇರುವುದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಎಂದಾದರೆ ಆರೂ ಹಾಡನ್ನು ಕನ್ನಡದಲ್ಲಿ ಮಾಡಿ. ಅವುಗಳಲ್ಲಿ ಎರಡಕ್ಕೆ ಮಾತ್ರ ಎರಡನೆಯ ಭಾಷೆಯಲ್ಲಿ ಹೊಸ ಸಾಹಿತ್ಯ ಬರೆಸಿ. ಆ ಎರಡನ್ನು ನಾಲ್ಕು ವಾರ ಬಿಟ್ಟು ಪ್ರತ್ಯೇಕ ಬಿಡುಗಡೆಯಾಗಿ ಹೊರತನ್ನಿ. ಆ ಎರಡು ಯಾವುವು ಎನ್ನುವುದು ಮೊದಲ ದಿನವೇ ಗೊತ್ತಿರಲಿ. ಈ ಸಲಹೆ ಎಲ್ಲರಿಗೂ ಒಗ್ಗುವುದಿಲ್ಲ. ಯಾರಿಗೆ ಒಗ್ಗುವುದಿಲ್ಲ ಎನ್ನುವುದು ಕೆಳಗಿದೆ.

ಮೂರು ದಾರಿಗಳ ಲೆಕ್ಕ

ಒಂದೇ ಟ್ಯೂನ್, ಎರಡು ಸಾಹಿತ್ಯ ಎಂಬ ದಾರಿ ನೋಡಲು ಅಗ್ಗ. ವಾದ್ಯದವರಿಗೆ ಒಮ್ಮೆ ಕೊಟ್ಟರೆ ಮುಗಿಯಿತು, ಪ್ರೋಗ್ರಾಮಿಂಗ್ ಒಮ್ಮೆ, ತಾಳವಾದ್ಯ ಒಮ್ಮೆ. ಹೊಸದಾಗಿ ಬೇಕಾಗುವುದು ಸಾಹಿತಿ, ಗಾಯನದ ರೆಕಾರ್ಡಿಂಗ್, ಎರಡನೆಯ ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು), ಎರಡನೆಯ ಮಾಸ್ಟರ್ (ಬಿಡುಗಡೆಗೆ ಮುಂಚಿನ ಕೊನೆಯ ಹದ). ಜನ ಮರೆಯುವುದು ಕೋರಸ್ ಅನ್ನು. ಹಿಂದೆ ಹಾಡುವವರ ದನಿಯಲ್ಲೂ ಮಾತಿದೆ. ಅವರನ್ನೂ ಮತ್ತೆ ಕರೆಸಬೇಕು. ಮಧ್ಯದ ಆಲಾಪ, ಹುಂಕಾರಗಳನ್ನು ಮಾತ್ರ ಹಾಗೇ ಉಳಿಸಿಕೊಳ್ಳಬಹುದು. ಸ್ವಂತ ಭಾಷೆಯ ಒಂದು ಹಾಡಿಗೆ ಮುಖ್ಯ ಗಾಯನಕ್ಕೆ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಂಡರೆ, ಕಲಿತ ಭಾಷೆಗೆ ಆರು ಗಂಟೆ ಇಡಿ. ಗಂಟೆ ಲೆಕ್ಕದ ಸ್ಟುಡಿಯೋದಲ್ಲಿ ಈ ವ್ಯತ್ಯಾಸವೇ ಬಜೆಟ್ ತಿನ್ನುತ್ತದೆ.

ಈ ದಾರಿಗೆ ದೊಡ್ಡ ಉದಾಹರಣೆಗಳಿವೆ. ಸ್ವೀಡನ್ನಿನ ಅಬ್ಬಾ ತಂಡ 1980ರಲ್ಲಿ ತನ್ನ ಹಳೆಯ ಹಾಡುಗಳ ಅದೇ ವಾದ್ಯ ಟ್ರ್ಯಾಕ್‌ಗಳ ಮೇಲೆ ಸ್ಪ್ಯಾನಿಷ್ ಗಾಯನ ಕೂರಿಸಿ ಇಡೀ ಆಲ್ಬಂ ತಂದಿತು. ಕೊಲಂಬಿಯಾದ ಶಕೀರಾ 2001ರಲ್ಲಿ ತಂದ ಇಂಗ್ಲಿಷ್ ಆಲ್ಬಮಿನಲ್ಲಿ ಒಂದೇ ಟ್ಯೂನಿನ ಇಂಗ್ಲಿಷ್, ಸ್ಪ್ಯಾನಿಷ್ ರೂಪಗಳೂ ಇದ್ದವು, ಸ್ಪ್ಯಾನಿಷ್‌ನಲ್ಲಷ್ಟೇ ಇದ್ದ ಹಾಡುಗಳೂ ಇದ್ದವು. ಅಂದರೆ ಆಕೆ ಮೊದಲೆರಡು ದಾರಿಗಳನ್ನೂ ಒಟ್ಟಿಗೇ ನಡೆದಿದ್ದರು. ಈ ಇಬ್ಬರ ಹಿಂದೆಯೂ ದೊಡ್ಡ ಕಂಪನಿಗಳ ಪ್ರಚಾರವಿತ್ತು ಎನ್ನುವುದನ್ನು ಮರೆಯಬಾರದು.

ಎರಡನೆಯ ದಾರಿಯಲ್ಲಿ ಯಾವ ಖರ್ಚೂ ಇಮ್ಮಡಿಯಾಗುವುದಿಲ್ಲ. ಆರು ಹಾಡು, ಆರು ಮಿಕ್ಸ್. ಪ್ರತಿ ಹಾಡೂ ಹುಟ್ಟಿದ ಭಾಷೆಯಲ್ಲೇ ಉಳಿಯುವುದರಿಂದ ಮಾತು, ರಾಗ ಎರಡೂ ಒಂದನ್ನೊಂದು ಅಪ್ಪಿಕೊಂಡಿರುತ್ತವೆ. ರಘು ದೀಕ್ಷಿತ್ 2008ರಲ್ಲಿ ತಂದ ಮೊದಲ ಆಲ್ಬಮಿನಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳೂ ಹಿಂದಿ ಹಾಡುಗಳೂ ಹೀಗೇ ಒಟ್ಟಿಗೆ ಕೂತಿವೆ, ಯಾವುದೂ ಇನ್ನೊಂದರ ಅನುವಾದವಲ್ಲ. ಕಲೆಯ ದೃಷ್ಟಿಯಿಂದ ಇದೇ ಅತ್ಯಂತ ಪ್ರಾಮಾಣಿಕ ದಾರಿ ಎಂದು ನಮ್ಮ ಅಭಿಪ್ರಾಯ. ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡಿ ಬೆಳೆದವರು, ಅಂದರೆ ಎರಡನೆಯ ಭಾಷೆಯಲ್ಲಿ ಕನಸು ಕಾಣಬಲ್ಲವರು, ನಮ್ಮ ಮೇಲಿನ ಸಲಹೆ ಬಿಟ್ಟು ಇದನ್ನೇ ಹಿಡಿಯಲಿ. ತೊಂದರೆ ಇರುವುದು ಬಿಡುಗಡೆಯಲ್ಲಿ. ಆ್ಯಪ್‌ಗಳಲ್ಲಿ ಆಲ್ಬಮಿಗೆ ಒಂದು ಭಾಷೆಯ ಗುರುತು ಕೇಳುತ್ತಾರೆ, ಅಲ್ಲಿ ಪ್ಲೇಲಿಸ್ಟ್‌ಗೆ ಹಾಡು ಆರಿಸುವ ಸಂಪಾದಕರಿಗೆ ಒಂದು ಹಾಡನ್ನಷ್ಟೇ ಮುಂದಿಡಬಹುದು. ಹಾಗಾಗಿ ಎರಡರಲ್ಲಿ ಒಂದು ಭಾಷೆ ಹಿಂದೆ ಬೀಳುತ್ತದೆ. ಇದಕ್ಕೆ ಪರಿಹಾರ, ಹಿಂದೆ ಬೀಳುವ ಭಾಷೆಯ ಒಂದು ಹಾಡನ್ನು ಆಲ್ಬಮಿಗಿಂತ ಮೊದಲೇ ಸಿಂಗಲ್ ಆಗಿ ಬಿಡುವುದು.

ಬೆರೆಸಿ ಹಾಡುವ ಮೂರನೆಯ ದಾರಿಯ ದೊಡ್ಡ ಅನುಕೂಲ ಎಂದರೆ ಒಂದೇ ಧ್ವನಿಮುದ್ರಣ. ಕೇಳಿದವರ ಲೆಕ್ಕವೆಲ್ಲ ಒಂದೇ ಕಡೆ ಸೇರುತ್ತದೆ. ಇದು ನಿಲ್ಲಬೇಕಾದರೆ ಭಾಷೆ ಬದಲಾಗುವುದಕ್ಕೆ ಹಾಡಿನೊಳಗೇ ಕಾರಣ ಇರಬೇಕು: ಇಬ್ಬರ ಸಂವಾದ, ಅಜ್ಜಿಯ ಮಾತು ಮೊಮ್ಮಗಳ ಉತ್ತರ, ಘಟ್ಟದ ಮೇಲಿನವನೂ ಕೆಳಗಿನವಳೂ. ಕಾರಣವಿಲ್ಲದೆ ನಾಲ್ಕು ಹಿಂದಿ ಸಾಲು ತುರುಕಿದರೆ ಎರಡೂ ಕಡೆಯವರಿಗೆ ಅರ್ಧ ಹಾಡು ಹೊರಗುಳಿಯುತ್ತದೆ. ಬೆರೆಸುವುದಾದರೆ ನಾಲಗೆಗೆ ಕೂರುವ ಸಾಲನ್ನು, ಅಂದರೆ ಪಲ್ಲವಿಯ ಮೊದಲ ಸಾಲನ್ನು, ಕನ್ನಡದಲ್ಲೇ ಇಡಿ. ಸ್ವರಭಾರ ತಪ್ಪಿದರೂ ಉಚ್ಚಾರ ತಪ್ಪಿದರೂ ಮೊದಲು ಕಿವಿಗೆ ಬೀಳುವುದು ಅಲ್ಲೇ.

ಈಗ ಒಂದು ಸಂಖ್ಯೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕ್ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಲ್ಪಟ್ಟಿರದಿದ್ದರೆ ಅದರ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ಕನ್ನಡದ್ದು ಒಂದು ಟ್ರ್ಯಾಕ್, ಹಿಂದಿಯದ್ದು ಇನ್ನೊಂದು ಟ್ರ್ಯಾಕ್. ಎರಡೂ ಬೇರೆಬೇರೆಯಾಗಿ ಆ ಗೆರೆ ದಾಟಬೇಕು. ಒಟ್ಟು 1,600 ಸಲ ಕೇಳಿದ ಹಾಡು ಎಂಟುನೂರು, ಎಂಟುನೂರು ಎಂದು ಸಮನಾಗಿ ಒಡೆದರೆ ಕೈಗೆ ಏನೂ ಸಿಗದು. ಆರೂ ಹಾಡನ್ನು ಎರಡು ಭಾಷೆಯಲ್ಲಿ ಮಾಡಿ ಹನ್ನೆರಡು ಟ್ರ್ಯಾಕ್ ಬಿಡುವುದಕ್ಕಿಂತ ಎರಡನ್ನೇ ಆರಿಸಿ ಅವುಗಳಿಗೆ ಬಲ ಹಾಕುವುದು ಮೇಲು ಎನ್ನುವುದಕ್ಕೆ ಇದೊಂದು ಕಾರಣ.

ಎರಡನೆಯ ಭಾಷೆ ಯಾವುದು?

ಹಿಂದಿಗೆ ಕೇಳುಗರು ಹೆಚ್ಚು, ಪೈಪೋಟಿಯೂ ಹೆಚ್ಚು, ಕನ್ನಡದ ಟ್ಯೂನಿಗೆ ಹೊಂದಿಸುವ ಕೆಲಸವೂ ಹೆಚ್ಚು. ಸಂಗೀತದ ಮಟ್ಟಿಗೆ ಅತಿ ಸಲೀಸು ತೆಲುಗು. ಕನ್ನಡದಂತೆ ಅಲ್ಲೂ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಹ್ರಸ್ವ ಎ, ಒ ಇವೆ, ಳಕಾರ ಇದೆ, ಎರಡನೆಯ ಅಕ್ಷರದ ಪ್ರಾಸದ ಪರಂಪರೆಯೂ ಇದೆ. ಮಾತ್ರೆಗಳು ಹತ್ತಿರಹತ್ತಿರ ಕೂರುತ್ತವೆ.

ತುಳು, ಕೊಂಕಣಿಗಳ ಕೇಳುಗರು ಕಡಿಮೆ, ಆದರೆ ಹತ್ತಿರದಲ್ಲಿದ್ದಾರೆ. ಆಗುಂಬೆ ಘಾಟಿ ಇಳಿದರೆ ತುಳುವಿನ ಸೀಮೆ. ತೀರ್ಥಹಳ್ಳಿ, ಸಾಗರ, ಶಿವಮೊಗ್ಗಗಳಲ್ಲೇ ಕೊಂಕಣಿ ಮನೆಗಳಿವೆ. ವೇದಿಕೆಯ ಮೇಲೆ ಹಾಡಿ ಬದುಕುವ ಗಾಯಕರಿಗೆ, ದೂರದಲ್ಲಿ ಒಮ್ಮೆ ಕೇಳಿ ಮರೆಯುವ ಸಾವಿರ ಜನಕ್ಕಿಂತ ಕರೆದು ಹಾಡಿಸುವ ಈ ಜನ ಹೆಚ್ಚು ಬೆಲೆಯುಳ್ಳವರು. ತುಳುವಿನಲ್ಲಿ ಪದದ ಕೊನೆಗೆ ಬರುವ ಅರ್ಧ ಉಕಾರವನ್ನು ಕನ್ನಡದ ಪೂರ್ಣ ‘ಉ’ ಆಗಿ ಎಳೆದರೆ ಕರಾವಳಿಯವರು ಮೊದಲ ಸಾಲಿಗೇ ಪರಕೀಯತೆ ಗುರುತಿಸುತ್ತಾರೆ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರ ಫಾರ್ಮಿನ ಭಾಷಾಪಟ್ಟಿಯಲ್ಲಿ ತುಳು ಇದೆಯೇ ಎಂದು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ. ಕೊಂಕಣಿ 1992ರಿಂದ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿದೆ, ತುಳು ಇನ್ನೂ ಸೇರಿಲ್ಲ. ಪಟ್ಟಿ ಮಾಡಿದವರು ಅದನ್ನೇ ನೋಡಿದ್ದರೆ ತುಳು ಬಿಟ್ಟುಹೋಗಿರಬಹುದು.

ಹವ್ಯಕ ಕನ್ನಡದಲ್ಲಿ ಹಾಡಿದ್ದು ಎರಡನೆಯ ಭಾಷೆಯಲ್ಲ, ಅದು ಕನ್ನಡವೇ. ಗುರುತಿನಲ್ಲಿ ಕನ್ನಡ ಎಂದೇ ಹಾಕಿ. ಶಿವಮೊಗ್ಗದ ಬಳಿಯ ಮತ್ತೂರು, ಹೊಸಹಳ್ಳಿಗಳ ಸಂಕೇತಿ ಮಾತ್ರ ಕನ್ನಡವಲ್ಲ, ಬೇರೆಯೇ ನುಡಿ. ಮತ್ತೂರಿನ ಸಂಸ್ಕೃತ, ಹೊಸಹಳ್ಳಿಯ ಗಮಕ (ಕಾವ್ಯವಾಚನ) ಇವೆರಡೂ ಮಗ್ಗುಲಲ್ಲೇ ಇರುವಾಗ ಕನ್ನಡ–ಸಂಸ್ಕೃತ ಆಲ್ಬಂ ಮಾಡುವವರಿಗೆ ಉಚ್ಚಾರ ತಿದ್ದುವವರನ್ನು ಹುಡುಕಿ ದೂರ ಹೋಗಬೇಕಾಗಿಲ್ಲ.

ಇಂಗ್ಲಿಷ್ ಬೇರೆಯದೇ ಜಾತಿ. ಅಲ್ಲಿ ಪ್ರತಿ ಪದದ ಒಂದು ಅಕ್ಷರಕ್ಕೆ ಒತ್ತು ಬೀಳುತ್ತದೆ, ಆ ಒತ್ತು ತಾಳದ ಪೆಟ್ಟಿನ ಮೇಲೇ ಕೂರಬೇಕು. ಕನ್ನಡ ಸಾಹಿತ್ಯಕ್ಕೆ ಹೊಸೆದ ಟ್ಯೂನಿನ ಮೇಲೆ ಇಂಗ್ಲಿಷ್ ಕೂರಿಸುವುದು ಅಪರೂಪಕ್ಕೆ ಗೆಲ್ಲುತ್ತದೆ. ಇಂಗ್ಲಿಷ್ ಬೇಕೆಂದರೆ ಎರಡನೆಯ ದಾರಿಯಲ್ಲಿ, ಹೊಸ ಟ್ಯೂನಿಗೇ ಬರೆಯಿರಿ.

ಸಾಹಿತ್ಯ: ಮಾತ್ರೆ ಎಣಿಸಿ, ಅರ್ಥ ಆಮೇಲೆ

ಅನುವಾದ ಬೇಡ. ಭಾವ ಒಂದೇ ಇರಲಿ, ಮಾತು ಹೊಸದಾಗಿ ಹುಟ್ಟಲಿ. ಇದನ್ನು ಎಲ್ಲರೂ ಹೇಳುತ್ತಾರೆ. ಯಾಕೆ ಎನ್ನುವುದು ಮಾತ್ರೆ ಎಣಿಸಿದಾಗ ಕಾಣುತ್ತದೆ. ಎಂಟು ಮಾತ್ರೆಯ ಒಂದು ಸಾಲು ತೆಗೆದುಕೊಳ್ಳಿ. ಹಿಂದಿಯಲ್ಲಿ ‘ಬಾರಿಶ್ ಆಯೀ’ ಎಂದರೆ ನಾಲ್ಕು ಗುರು, ಎಂಟು ಮಾತ್ರೆ, ನಾಲ್ಕೇ ಅಕ್ಷರ. ಅದೇ ಎಂಟು ಮಾತ್ರೆಗೆ ಕನ್ನಡದಲ್ಲಿ ‘ಸುರಿದಿದೆ ಮಳೆಯೋ’ ಎಂದರೆ ಆರು ಲಘು, ಒಂದು ಗುರು, ಒಟ್ಟು ಏಳು ಅಕ್ಷರ. ಕಾಲ ಒಂದೇ, ಆದರೆ ಹಿಂದಿಯಲ್ಲಿ ನಾಲ್ಕು ಉದ್ದ ಸ್ವರ ನಿಲ್ಲುವ ಕಡೆ ಕನ್ನಡದಲ್ಲಿ ಏಳು ಸಣ್ಣ ಹೆಜ್ಜೆ. ನಿಧಾನವಾಗಿ ತೇಲುವ ಟ್ಯೂನಿಗೆ ಮೊದಲನೆಯದು ಚೆಂದ, ಕುಣಿಯುವ ಟ್ಯೂನಿಗೆ ಎರಡನೆಯದು. ಎರಡು ಭಾಷೆಗೂ ಒಗ್ಗುವ ಟ್ಯೂನ್ ಬೇಕಾದರೆ ಸಾಲಿನ ಮೊದಲ ಭಾಗದಲ್ಲಿ ಒಡೆಯಬಹುದಾದ ಸ್ವರಗಳನ್ನಿಡಿ. ಅಂದರೆ ಒಂದೇ ಸ್ವರದ ಮೇಲೆ ಎರಡು ಮಾತ್ರೆ ನಿಲ್ಲಲಿ. ಕನ್ನಡದಲ್ಲಿ ಅದನ್ನು ಎರಡು ಅಕ್ಷರವಾಗಿ ಹಾಡಬಹುದು, ಹಿಂದಿಯಲ್ಲಿ ಒಂದನ್ನೇ ಎಳೆಯಬಹುದು. ಅಲ್ಲಿ ಸ್ವರವನ್ನು ಅಲುಗಿಸುವ ಗಮಕವೋ ಜಾರು ಸ್ವರವೋ ಇದ್ದರೆ ಒಡೆಯಲು ಆಗುವುದಿಲ್ಲ.

ಸಾಲಿನ ತುದಿ ಇನ್ನೂ ಮುಖ್ಯ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಕೊನೆಯ ಅಕ್ಷರವನ್ನು ನಾಲ್ಕು, ಎಂಟು ಮಾತ್ರೆ ಎಳೆದರೂ ದನಿ ಕಟ್ಟಿಕೊಳ್ಳುವುದಿಲ್ಲ. ಹಿಂದಿಯಲ್ಲಿ ‘ರಾತ್’, ‘ಸಾಥ್’, ‘ಬಾದಲ್’ ಎಂದು ಬಾಗಿಲು ಮುಚ್ಚುತ್ತದೆ. ಎಳೆತ ಇರುವ ತುದಿಯಲ್ಲಿ ಹಿಂದಿ ಸಾಹಿತಿಗೆ ‘ಆ’, ‘ಏ’, ‘ಓ’ಗಳಲ್ಲಿ ಮುಗಿಯುವ ಪದ ಕೊಡಲು ಮೊದಲೇ ಹೇಳಿ. ಕನ್ನಡದ ಕಷ್ಟ ಬೇರೆ: ನಮ್ಮ ಪದಗಳಲ್ಲಿ ಬಹಳಷ್ಟು ‘ಉ’ಕಾರದಲ್ಲಿ ಮುಗಿಯುತ್ತವೆ. ಮೇಲಿನ ಷಡ್ಜದಲ್ಲಿ ‘ಉ’, ‘ಇ’ ಹಾಡಿದರೆ ಗಂಟಲು ಬಿಗಿಯುತ್ತದೆ. ಟ್ಯೂನಿನ ಅತಿ ಎತ್ತರದ ಜಾಗ ಗುರುತು ಹಾಕಿ, ಎರಡೂ ಭಾಷೆಯಲ್ಲಿ ಅಲ್ಲಿ ‘ಆ’ ಅಥವಾ ‘ಓ’ ಬರುವಂತೆ ಬರೆಸಿ. ಇದೊಂದು ನಿಯಮ ಪಾಲಿಸಿದರೆ ಎರಡೂ ಭಾಷೆಗೆ ಒಂದೇ ಶ್ರುತಿ ಸಾಕು. ಇಲ್ಲವಾದರೆ ಒಂದಕ್ಕೆ ಅರ್ಧ ಸ್ವರ ಇಳಿಸಬೇಕಾಗುತ್ತದೆ, ಆಗ ನಿಜವಾದ ವಾದ್ಯ ನುಡಿಸಿದ ಟ್ರ್ಯಾಕ್‌ಗಳನ್ನೆಲ್ಲ ಮತ್ತೆ ನುಡಿಸಬೇಕು.

ಪ್ರಾಸದ ಬಗ್ಗೆ ಒಂದು ಮಾತು. ಆದಿಪ್ರಾಸಕ್ಕೆ, ಅಂದರೆ ಎರಡನೆಯ ಅಕ್ಷರದ ಪ್ರಾಸಕ್ಕೆ, ಕನ್ನಡದ ಕಿವಿ ಹಳೆಯ ಕಾಲದಿಂದ ಒಗ್ಗಿದೆ. ಹಿಂದಿಯ ಕಿವಿ ಹುಡುಕುವುದು ಸಾಲಿನ ಕೊನೆಯನ್ನು. ಕನ್ನಡದಲ್ಲಿ ಸಾಲಿನ ಆರಂಭಕ್ಕೆ ಕಟ್ಟಿದ ಸೊಗಸನ್ನು ಹಿಂದಿಗೆ ಒಯ್ಯಲು ಹೋಗಬೇಡಿ, ಅಲ್ಲಿ ಅದು ಕೇಳಿಸುವುದೇ ಇಲ್ಲ.

ಸಾಹಿತಿಗೆ ಕೊಡಬೇಕಾದ್ದು ಇಷ್ಟು: ಮಾತಿಲ್ಲದೆ ‘ತಾನನ’ದಲ್ಲಿ ಹಾಡಿದ ಟ್ಯೂನ್, ಪ್ರತಿ ಸಾಲಿನ ಮಾತ್ರೆ ಮತ್ತು ಎಳೆತದ ಜಾಗ ಗುರುತಿಸಿದ ಹಾಳೆ, ಮತ್ತು ಹಾಡು ಏನು ಹೇಳುತ್ತದೆ ಎನ್ನುವ ಐದು ಸಾಲಿನ ಗದ್ಯ. ಕನ್ನಡದಲ್ಲಿ ಹಾಡಿದ್ದನ್ನೇ ಕಳಿಸಿದರೆ ಅವರು ಅದರ ಉಚ್ಚಾರದ ನೆರಳಿನಲ್ಲೇ ಬರೆಯುತ್ತಾರೆ.

ಹಕ್ಕುಪತ್ರ: ಇಲ್ಲಿ ತಪ್ಪಿದರೆ ತಿದ್ದಲು ಆಗದು

ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಅನುವಾದದ ಹಕ್ಕು ಮೂಲ ಬರೆದವರದು. ಕನ್ನಡ ಸಾಹಿತಿ ಹಾಡು ಕೊಟ್ಟರು ಎಂದ ಮಾತ್ರಕ್ಕೆ ಅದರ ಹಿಂದಿ ರೂಪ ಮಾಡಿಸುವ ಅನುಮತಿ ಬಂದಂತಲ್ಲ. ಕರಾರಿನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಬಾಯಿಮಾತು ಸಾಲದು. ಕರಾರಿನಲ್ಲಿ ಎಷ್ಟು ವರ್ಷ ಎಂದು ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಓದುತ್ತದೆ, ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತ ಮಾತ್ರ ಎಂದು ಓದುತ್ತದೆ. ಆ್ಯಪ್‌ಗಳಲ್ಲಿ ಹಾಡು ಲೋಕಕ್ಕೆಲ್ಲ ಹೋಗುವುದರಿಂದ ಅವಧಿ, ‘ಪ್ರಪಂಚದಾದ್ಯಂತ’ ಎಂಬ ಪದ, ಭಾಷೆಗಳ ಹೆಸರು ಈ ಮೂರೂ ಕಾಗದದಲ್ಲಿರಲಿ. 2012ರ ತಿದ್ದುಪಡಿಯ ನಂತರ ಸಾಹಿತಿ, ಸಂಯೋಜಕರ ರಾಯಲ್ಟಿ ಹಕ್ಕನ್ನು ಕರಾರಿನ ಮೂಲಕ ಪೂರ್ತಿ ಕಸಿಯಲು ಆಗುವುದಿಲ್ಲ. ಒಂದೇ ಸಲ ದುಡ್ಡು ಕೊಟ್ಟು ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಐಪಿಆರ್‌ಎಸ್ (ಸಾಹಿತಿ, ಸಂಯೋಜಕರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿ ಎರಡೂ ಭಾಷೆಯ ಕೃತಿಯನ್ನು ಬೇರೆಬೇರೆ ನೋಂದಾಯಿಸಿ. ಸಂಗೀತ ಒಬ್ಬರದೇ ಆದರೂ ಸಾಹಿತ್ಯದ ಪಾಲು ಎರಡರಲ್ಲೂ ಬೇರೆಯವರದು.

ಮಲೆನಾಡಿನವರಿಗೆ ಕುವೆಂಪು ಅವರ ಕವನಕ್ಕೆ ರಾಗ ಹಾಕುವ ಆಸೆ ಸಹಜ. ಕವಿ ತೀರಿಕೊಂಡದ್ದು 1994ರಲ್ಲಿ; ಕೃತಿಸ್ವಾಮ್ಯ ಮರಣದ ಮರುವರ್ಷದಿಂದ 60 ವರ್ಷ, ಅಂದರೆ 2054ರ ಕೊನೆಯವರೆಗೆ ಇದೆ. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪ 2013ರಲ್ಲಿ ತೀರಿಕೊಂಡರು, ಅವರ ಕವನಗಳಿಗೆ 2073ರ ಕೊನೆಯವರೆಗೆ. ಹಾಡುವುದಕ್ಕೂ ಅನುಮತಿ ಬೇಕು, ಹಿಂದಿಗೆ ತರುವುದಕ್ಕೆ ಇನ್ನೊಂದು ಅನುಮತಿ ಬೇಕು. ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮರ ವಚನಗಳಿಗೆ ಯಾರ ಅನುಮತಿಯೂ ಬೇಡ. ಆದರೆ ಅವುಗಳ ಈ ಕಾಲದ ಅನುವಾದಗಳಿಗೆ, ಪ್ರಸಿದ್ಧ ರಾಗಸಂಯೋಜನೆಗಳಿಗೆ ಒಡೆಯರಿದ್ದಾರೆ. ವಚನ ತೆಗೆದುಕೊಂಡರೆ ಹಿಂದಿಯ ರೂಪವನ್ನು ನೀವೇ ಹೊಸದಾಗಿ ಬರೆಸಿ.

ಹಳೆಯ ಹಾಡೊಂದರ ಕವರ್ ಮಾಡಿ ಅದನ್ನೇ ಇನ್ನೊಂದು ಭಾಷೆಯಲ್ಲಿ ಹಾಡುವ ಯೋಚನೆ ಇದ್ದರೆ ಎಚ್ಚರ. ಮೊದಲ ಧ್ವನಿಮುದ್ರಣ ಬಂದ ವರ್ಷ ಮುಗಿದು ಐದು ವರ್ಷವಾದ ಮೇಲೆ ಸಿಗುವ ಶಾಸನಬದ್ಧ ಕವರ್ ಪರವಾನಗಿಯಲ್ಲಿ ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಗೆ ಅವಕಾಶವಿಲ್ಲ. ಭಾಷೆ ಬದಲಿಸುವುದು ಅದರೊಳಗೆ ಬಾರದು. ಒಡೆಯರಿಂದ ನೇರ ಅನುಮತಿ ಪಡೆಯಬೇಕು.

ಎಲ್ಲಿ ಹಾಡುವುದು: ಮನೆ, ಶಿವಮೊಗ್ಗ, ಬೆಂಗಳೂರು

ಬೆಂಗಳೂರು ಸುಮಾರು 300 ಕಿ.ಮೀ. ಅಲ್ಲಿನ ಸ್ಟುಡಿಯೋ ಒಳ್ಳೆಯದೇ, ಆದರೆ ಗಡಿಯಾರ ನೋಡುತ್ತ ಕಲಿತ ಭಾಷೆಯಲ್ಲಿ ಹಾಡುವುದು ದನಿಗೆ ಒಳ್ಳೆಯದಲ್ಲ. ನಮ್ಮ ಆಯ್ಕೆ: ಗಾಯನ ಇಲ್ಲೇ, ಅವಸರವಿಲ್ಲದೆ, ಮಿಕ್ಸ್, ಮಾಸ್ಟರ್ ಬೆಂಗಳೂರಿನಲ್ಲಿ, ಫೈಲ್ ಕಳಿಸಿ. ಡೊಳ್ಳು, ತಬಲದಂಥ ವಾದ್ಯಗಳಿಗೆ ಮಾತ್ರ ಒಳ್ಳೆಯ ಕೋಣೆ ಹುಡುಕಿ.

ಮಲೆನಾಡಿನಲ್ಲಿ ಮನೆಯಲ್ಲೇ ರೆಕಾರ್ಡ್ ಮಾಡುವವರ ಮೊದಲ ವೈರಿ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುತ್ತದೆ; ಹೆಂಚಿನ ಮಾಡು, ಅದಕ್ಕಿಂತ ಹೆಚ್ಚಾಗಿ ಜಿಂಕ್ ಶೀಟು, ಅದರ ಸದ್ದನ್ನೆಲ್ಲ ಕೋಣೆಗಿಳಿಸುತ್ತದೆ. ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗೆ ಫ್ಯಾನಿನಂಥ ಏಕಸಮನಾದ ಸದ್ದು ಸುಲಭ, ಏರಿಳಿಯುವ ಮಳೆ ಕಷ್ಟ; ಮಳೆ ತೆಗೆದರೆ ಜೊತೆಗೆ ‘ಸ’, ‘ಶ’, ‘ಹ’ಗಳ ಅಂಚೂ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆಯುವುದು, ಟ್ಯೂನ್ ಕಟ್ಟುವುದು, ಅಭ್ಯಾಸ ಮಾಡುವುದು ಇಟ್ಟುಕೊಳ್ಳಿ. ನವೆಂಬರ್‌ನಿಂದ ಅಡಿಕೆ ಕೊಯ್ಲು, ಸುಲಿಯುವ ಯಂತ್ರದ ಗದ್ದಲ. ತೋಟದ ಮನೆಯವರು ಫೆಬ್ರುವರಿ ಆರಿಸಿಕೊಳ್ಳುವುದು ಒಳ್ಳೆಯದು. ಬೇಸಿಗೆ ಸಂಜೆ ಜೀರುಂಡೆ ಶುರುವಾಗುವ ಮೊದಲು, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ, ಕೆಲಸ ಮುಗಿಸಿ.

ತೇವ ಎರಡನೆಯ ವೈರಿ. ಕಂಡೆನ್ಸರ್ ಮೈಕಿನೊಳಗೆ ತೇವ ಹೊಕ್ಕರೆ ಚಟಚಟ ಸದ್ದು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಹಾಡುವ ಅರ್ಧ ಗಂಟೆ ಮುಂಚೆ ಹೊರತೆಗೆಯಿರಿ. ತಬಲ, ಮೃದಂಗ, ಡೊಳ್ಳಿನ ಚರ್ಮ ಮಳೆಗಾಲದಲ್ಲಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಡೊಳ್ಳನ್ನು ಬೆಂಕಿಯ ಬಳಿ ಕಾಯಿಸುವುದು ಅದಕ್ಕೇ. ಕಾಯಿಸಿದ ಮೇಲೂ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಶ್ರುತಿ ನೋಡಿ. ಒಂದೇ ತಾಳದ ಟ್ರ್ಯಾಕ್ ಎರಡು ಭಾಷೆಗೂ ಹೋಗುವುದರಿಂದ ಇಲ್ಲಿನ ತಪ್ಪು ಎರಡು ಕಡೆಯೂ ಉಳಿಯುತ್ತದೆ.

ಕೋಣೆ ಸಣ್ಣದಿದ್ದರೆ ಹಾಡುವವರ ಬೆನ್ನ ಹಿಂದೆ, ಎರಡೂ ಮಗ್ಗುಲಲ್ಲಿ ದಪ್ಪ ಕಂಬಳಿ ತೂಗುಹಾಕಿ. ಮೈಕಿಗೆ 15ರಿಂದ 20 ಸೆಂ.ಮೀ. ದೂರ, ನಡುವೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಜಾಲರಿ). ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಹಿನ್ನೆಲೆಯಲ್ಲಿ ‘ಗುಂಯ್’ ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಚಾರ್ಜರಿನದೋ ಮನೆಯ ಅರ್ತಿಂಗಿನದೋ ಇರಬಹುದು. ಹೇಗೂ ಕರೆಂಟ್ ಹೋಗುವ ಊರು, ಯುಪಿಎಸ್ ಇರಲೇಬೇಕು. ಕನ್ನಡ ಹಾಡಿದ ದಿನದ ಮೈಕ್, ದೂರ, ಗೇನ್ ಗುಂಡಿ ನಿಂತ ಜಾಗ ಎಲ್ಲವನ್ನೂ ಹಾಳೆಯಲ್ಲಿ ಬರೆದಿಡಿ, ಫೋಟೋ ತೆಗೆದಿಡಿ. ಎರಡನೆಯ ಭಾಷೆ ತಿಂಗಳ ನಂತರ ಹಾಡುವಾಗ ದನಿಯ ಬಣ್ಣ ಒಂದೇ ಬರಲು ಇದೇ ಆಧಾರ.

ಉಚ್ಚಾರ ತಿದ್ದುವವರು ರೆಕಾರ್ಡಿಂಗ್ ಹೊತ್ತಿನಲ್ಲೇ ಹೆಡ್‌ಫೋನ್ ಹಾಕಿ ಕೂತಿರಬೇಕು. ಆಮೇಲೆ ಫೈಲ್ ಕಳಿಸಿ ಕೇಳಿದರೆ ತಪ್ಪು ಸಿಗುತ್ತದೆ, ಆದರೆ ತಿದ್ದಲು ಅದೇ ದನಿ, ಅದೇ ಉಸಿರು ಮತ್ತೆ ಬರುವುದಿಲ್ಲ. ನಮ್ಮವರು ಹಿಂದಿಯಲ್ಲಿ ಜಾರುವ ಜಾಗಗಳು ಗೊತ್ತಿರುವಂಥವೇ: ‘ಭೂಲ್’ ಎನ್ನುವುದು ‘ಬೂಲ್’ ಆಗುವುದು, ಮೂಗಿನ ಸ್ವರ ಪೂರ್ತಿ ‘ನ್’ ಆಗುವುದು, ಹಿಂದಿಯ ಏ, ಓ ಹ್ರಸ್ವವಾಗುವುದು. ಹಾಳೆಯಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಂಡು ಮಹಾಪ್ರಾಣಗಳ ಕೆಳಗೆ ಗೆರೆ, ಉಸಿರಿನ ಜಾಗಕ್ಕೆ ಅಡ್ಡಗೀಟು ಹಾಕಿ. ಮೊದಲು ತಾಳಕ್ಕೆ ಸರಿಯಾಗಿ ಬರೀ ಮಾತಾಡಿ, ಆಮೇಲೆ ಹಾಡಿ. ಒಂದು ದಿನ ಒಂದೇ ಭಾಷೆ. ಬೆಳಗ್ಗೆ ಕನ್ನಡ, ಮಧ್ಯಾಹ್ನ ಹಿಂದಿ ಎಂದರೆ ಒಂದರ ಸ್ವರ ಇನ್ನೊಂದಕ್ಕೆ ಅಂಟುತ್ತದೆ.

ಕೋರಸ್‌ನಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿಯಲ್ಲಿ ನಾಲ್ಕು ದನಿಯೂ ‘ರಾತ್’ನ ಕೊನೆಯ ‘ತ್’ ನುಡಿದರೆ ಅದು ನಾಲ್ಕು ಚೂರಾಗಿ ಕೇಳುತ್ತದೆ. ಮುಖ್ಯ ಗಾಯಕರು ಮಾತ್ರ ಕೊನೆಯ ವ್ಯಂಜನ ನುಡಿಯಲಿ, ಉಳಿದವರು ಸ್ವರದಲ್ಲೇ ನಿಲ್ಲಲಿ. ಕನ್ನಡದಲ್ಲಿ ಈ ತೊಂದರೆ ಇಲ್ಲ, ಬದಲಿಗೆ ಕೊನೆಯ ‘ಉ’ವನ್ನು ನುಂಗುವ ಚಾಳಿ ಇದೆ. ಮಿಕ್ಸ್ ಮಾಡುವವರಿಗೂ ಹೇಳಿಬಿಡಿ: ಕನ್ನಡದ ಸೆಟ್ಟಿಂಗನ್ನೇ ಹಿಂದಿಗೆ ನಕಲು ಮಾಡುವುದು ಬೇಡ. ಸಾಲಿನ ತುದಿಯ ಸ್, ಶ್‌ಗಳಿಗೆ ಡಿ-ಎಸ್ಸರ್ (ಸಕಾರದ ಸೀಟಿ ತಗ್ಗಿಸುವ ಸಾಧನ) ಹೊಸದಾಗಿ ಹೊಂದಿಸಬೇಕು. ಕನ್ನಡದ ‘ಟ್ಟ’, ‘ಕ್ಕ’ಗಳ ನಡುವಿನ ಸಣ್ಣ ಮೌನದಲ್ಲಿ ರಿವರ್ಬ್ (ಸೇರಿಸಿದ ಮಾರ್ದನಿ) ಎದ್ದು ಕೇಳುತ್ತದೆ, ಅಲ್ಲಿ ಅದನ್ನು ಇಳಿಸಬೇಕು.

ನಾಲ್ಕು ನಿಮಿಷದ ಒಂದು ಮೊನೊ ಟ್ರ್ಯಾಕ್, ಅಂದರೆ ಒಂದು ದನಿಯ ಅಥವಾ ಒಂದು ವಾದ್ಯದ ಫೈಲು, 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಸುಮಾರು 35 ಎಂಬಿ. 40 ಟ್ರ್ಯಾಕ್ ಎಂದರೆ 1.4 ಜಿಬಿ, ಅದೂ ಒಂದೇ ಹಾಡಿಗೆ. ನೆಟ್‌ವರ್ಕ್ ದುರ್ಬಲ ಇರುವ ಹಳ್ಳಿಯಿಂದ ಅಪ್‌ಲೋಡ್ ಮಾಡುತ್ತ ಕೂರುವುದಕ್ಕಿಂತ ಶಿವಮೊಗ್ಗಕ್ಕೆ ಬಂದು ಕಳಿಸುವುದು ವಾಸಿ. ಎಲ್ಲ ಟ್ರ್ಯಾಕ್‌ಗಳೂ ಸೊನ್ನೆಯಿಂದಲೇ ಶುರುವಾಗಲಿ, ಫೈಲಿನ ಹೆಸರಿನಲ್ಲಿ ಹಾಡು, ಭಾಷೆ, ಟೆಂಪೋ, ಶ್ರುತಿ ಇರಲಿ. ಭಾಷೆ ಬರೆಯದ ಫೈಲಿನಿಂದ ಕನ್ನಡ ಹಾಡಿನೊಳಗೆ ಹಿಂದಿ ಕೋರಸ್ ಸೇರಿದ ಮಿಕ್ಸ್ ಬರುವುದು ಅಪರೂಪವಲ್ಲ.

ಬಿಡುಗಡೆ: ಒಟ್ಟಿಗೋ, ಬೇರೆಯಾಗಿಯೋ?

ಬೇರೆಯಾಗಿ. ಸ್ಪಾಟಿಫೈ ಸಂಪಾದಕರಿಗೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಹಾಡು ಒಪ್ಪಿಸಬೇಕು, ಒಂದು ಹೊತ್ತಿಗೆ ಒಂದೇ ಹಾಡು, ಅದರ ಭಾಷೆಯನ್ನೂ ಅಲ್ಲೇ ಗುರುತಿಸಬೇಕು. ಎರಡೂ ಭಾಷೆ ಒಂದೇ ದಿನ ಬಂದರೆ ಸಿಗುವುದು ಒಂದು ಅವಕಾಶ, ನಾಲ್ಕು ವಾರ ಅಂತರವಿದ್ದರೆ ಎರಡು. ವಿತರಕರಿಗೆ ಫೈಲುಗಳನ್ನು ಬಿಡುಗಡೆಯ ದಿನಕ್ಕಿಂತ ಮೂರು–ನಾಲ್ಕು ವಾರ ಮೊದಲೇ ಕೊಡಿ. ಕನ್ನಡದ್ದು ನವೆಂಬರ್ 1ರ ಮೊದಲು ಬಂದರೆ ರಾಜ್ಯೋತ್ಸವದ ತಿಂಗಳ ಕಾರ್ಯಕ್ರಮಗಳಲ್ಲಿ ಹಾಡಲು ಸಿಗುತ್ತದೆ.

ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರದ ಒಂದು ಐಎಸ್‌ಆರ್‌ಸಿ ಸಂಕೇತವಿರುತ್ತದೆ. ಟ್ಯೂನ್ ಅದೇ ಆದರೂ ಕನ್ನಡಕ್ಕೊಂದು, ಹಿಂದಿಗೊಂದು, ವಾದ್ಯರೂಪಕ್ಕೊಂದು ಬೇರೆಬೇರೆ. ಒಂದೇ ಸಂಕೇತ ಎರಡಕ್ಕೂ ಹಾಕಿದರೆ ಆ್ಯಪ್‌ಗಳು ಎರಡನ್ನೂ ಒಂದೇ ಎಂದು ತಿಳಿದು ತಪ್ಪು ಭಾಷೆಯ ಹಾಡು ನುಡಿಸುತ್ತವೆ. ಕಲಾವಿದರ ಹೆಸರಿನ ಕಾಗುಣಿತ ಎರಡೂ ಕಡೆ ಅಕ್ಷರಶಃ ಒಂದೇ ಇರಲಿ. ಒಂದು ಅಕ್ಷರ ತಪ್ಪಿದರೂ ಹಾಡು ಬೇರೊಬ್ಬರ ಪುಟಕ್ಕೆ ಹೋಗುತ್ತದೆ. ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡುವುದಾದರೆ ಮೊದಲು ಬರೆದು ನೋಡಿ: ‘ಮಳೆ’ಯನ್ನು ‘ಮೇಲ್’ ಎಂದು, ‘ಮನೆ’ಯನ್ನು ‘ಮೇನ್’ ಎಂದು ಓದುವ ಅಪಾಯ ಇದೆ, ಹುಡುಕಿದವರಿಗೂ ಸಿಗುವುದಿಲ್ಲ. ಎರಡು ಪದದ ಶೀರ್ಷಿಕೆ ಇಟ್ಟರೆ ಈ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ.

ಮುಖಚಿತ್ರ 3000 x 3000 ಪಿಕ್ಸೆಲ್. ವಿನ್ಯಾಸ ಒಂದೇ ಇರಲಿ, ಲಿಪಿ ಮತ್ತು ಬಣ್ಣ ಬದಲಾಗಲಿ. ಚಿತ್ರದ ಮೇಲಿನ ಹೆಸರು ಫಾರ್ಮಿನಲ್ಲಿ ಬರೆದ ಹೆಸರಿಗೆ ಹೊಂದದಿದ್ದರೆ ವಾಪಸ್ ಬರುತ್ತದೆ. ಮಾಸ್ಟರ್ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ) ಆಸುಪಾಸು, ಟ್ರೂ ಪೀಕ್ (ಅತಿ ಜೋರಿನ ತುದಿ) ಮೈನಸ್ 1 ಡೆಸಿಬೆಲ್ ಒಳಗೆ ಇದ್ದರೆ ಸಾಕು. ಎರಡೂ ಭಾಷೆಯದು ಒಂದೇ ಮಟ್ಟದಲ್ಲಿರಲಿ.

ವಿತರಕರಲ್ಲಿ ಎರಡು ಬಗೆ. ಡಿಸ್ಟ್ರೋಕಿಡ್‌ನಂಥವರಿಗೆ ವರ್ಷದ ಚಂದಾ ಕಟ್ಟಿ ಎಷ್ಟು ಬೇಕಾದರೂ ಬಿಡಬಹುದು. ಚಂದಾ ನಿಂತರೆ, ಹೆಚ್ಚುವರಿ ಹಣ ಕಟ್ಟಿರದಿದ್ದರೆ, ಹಾಡು ಇಳಿಯುತ್ತದೆ. ಸಿಡಿ ಬೇಬಿಯಂಥವರು ಪ್ರತಿ ಬಿಡುಗಡೆಗೆ ಒಮ್ಮೆ ಶುಲ್ಕ ಪಡೆದು ಗಳಿಕೆಯಲ್ಲಿ 9% ಹಿಡಿಯುತ್ತಾರೆ, ಹಾಡು ಉಳಿಯುತ್ತದೆ. ಎರಡು ಭಾಷೆ ಎಂದರೆ ಎರಡು ಬಿಡುಗಡೆ, ಶುಲ್ಕವೂ ಎರಡು. ಎರಡು–ಮೂರು ವರ್ಷ ಸತತ ಹಾಡು ತರುವವರಿಗೆ ಮೊದಲ ಬಗೆ, ಒಂದು ಆಲ್ಬಂ ಮಾಡಿ ನಿಲ್ಲುವವರಿಗೆ ಎರಡನೆಯದು. ಯಾರಾದರೂ ಇರಲಿ, ಎರಡೂ ಭಾಷೆಯದನ್ನು ಒಬ್ಬರ ಮೂಲಕವೇ ಕಳಿಸಿ. ವಾದ್ಯದ ಟ್ರ್ಯಾಕ್ ಒಂದೇ ಆದ್ದರಿಂದ ಸದ್ದು ಹೋಲಿಸಿ ಹಾಡಿನ ಒಡೆಯರನ್ನು ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಎರಡನ್ನೂ ಒಂದೇ ಎಂದು ಹಿಡಿಯಬಹುದು. ವಿತರಕರು ಬೇರೆಯಾದರೆ ನಿಮ್ಮದೇ ಹಾಡಿನ ಮೇಲೆ ಯೂಟ್ಯೂಬಿನಲ್ಲಿ ನಿಮ್ಮದೇ ಹಕ್ಕಿನ ತಕರಾರು ಬೀಳುತ್ತದೆ, ಬಿಡಿಸಲು ವಾರಗಳು ಬೇಕು. ರೆಡಿಮೇಡ್ ಲೂಪ್ (ಮಾರಾಟಕ್ಕೆ ಸಿಗುವ ಸಂಗೀತದ ತುಣುಕು) ಬಳಸಿದ್ದರೆ ಕಂಟೆಂಟ್ ಐಡಿಗೆ ಸೇರಿಸಲೇಬೇಡಿ, ಅದೇ ಲೂಪ್ ಕೊಂಡ ಬೇರೆಯವರ ಹಾಡಿಗೂ ಅದು ತಗುಲಿಕೊಳ್ಳುತ್ತದೆ. ಅಮೆರಿಕದ ವಿತರಕರಾದರೆ ಡಬ್ಲ್ಯೂ-8 ಬೆನ್ ಫಾರ್ಮ್‌ನಲ್ಲಿ ಪ್ಯಾನ್ ಸಂಖ್ಯೆ ಸಹಿತ ಭಾರತ–ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೇಳಿ. ಆಗ ಅಲ್ಲಿನ ಗಳಿಕೆಯ ಮೇಲೆ ಹಿಡಿಯುವ ತೆರಿಗೆ 30%ರ ಬದಲು 15%ಕ್ಕೆ ಇಳಿಯುತ್ತದೆ.

ಮಿಕ್ಸ್ ಮುಗಿದ ದಿನವೇ ಮುಖ್ಯ ಗಾಯನ ತೆಗೆದ ಮೈನಸ್ ಟ್ರ್ಯಾಕ್‌ಗಳನ್ನೂ ಮಾಡಿಸಿಕೊಳ್ಳಿ: ಕೋರಸ್ ಇರುವ ಕನ್ನಡದ್ದೊಂದು, ಕೋರಸ್ ಇರುವ ಎರಡನೆಯ ಭಾಷೆಯದ್ದೊಂದು, ಬರೀ ವಾದ್ಯದ್ದೊಂದು. ಕುವೆಂಪು ರಂಗಮಂದಿರದಲ್ಲೋ ಗಣಪತಿ ಪೆಂಡಾಲಿನಲ್ಲೋ ಹಾಡಲು ನಿಂತಾಗ ಬೇಕಾಗುವುದು ಇವೇ. ಆರು ತಿಂಗಳು ಬಿಟ್ಟು ಕೇಳಿದರೆ ಮಿಕ್ಸ್ ಮಾಡಿದವರ ಹತ್ತಿರ ಆ ಪ್ರಾಜೆಕ್ಟ್ ಫೈಲ್ ತೆರೆಯುವ ಪ್ಲಗಿನ್‌ಗಳೇ ಇರುವುದಿಲ್ಲ.